ಮೂರು ಎಣಿಕೆ, ಮೂರು ಉತ್ತರ: ಜಾಲತಾಣಕ್ಕೆ ನಿಜವಾಗಿ ಎಷ್ಟು ಜನ ಬರುತ್ತಿದ್ದಾರೆ?

ಪುಟಪಾಲಕ

ಎಲ್ಲರಿಗೂ ನಮಸ್ಕಾರ. ಗಣಿತ ಮತ್ತು ವಿಜ್ಞಾನದ ಪಾಠಗಳನ್ನು ಕನ್ನಡದಲ್ಲಿ ಪ್ರಕಟಿಸುವ ಒಂದು ಸಣ್ಣ ಜಾಲತಾಣವನ್ನು ನಾನು ಕೆಲವು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಅದರಲ್ಲಿ ಸುಮಾರು 180 ಲೇಖನಗಳಿವೆ. ಬರೆಯುವವರೆಲ್ಲರೂ ಸಂಭಾವನೆ ಪಡೆಯದೆ, ತಮ್ಮ ಬಿಡುವಿನ ವೇಳೆಯಲ್ಲಿ ಬರೆದುಕೊಡುತ್ತಾರೆ. ಅವರಲ್ಲಿ ಹಿರಿಯರೊಬ್ಬರು ಮೊನ್ನೆ "ನಾವು ಬರೆದದ್ದನ್ನು ಎಷ್ಟು ಜನ ಓದುತ್ತಿದ್ದಾರೆ?" ಎಂದು ಕೇಳಿದರು. ಉತ್ತರ ಹೇಳಲು ಕುಳಿತಾಗ ಒಂದಕ್ಕೊಂದು ತಾಳೆಯಾಗದ ಮೂರು ಸಂಖ್ಯೆಗಳು ಎದುರಾದವು.

ತಾಣವನ್ನು ಇಟ್ಟಿರುವ ಹೋಸ್ಟಿಂಗ್ ಸೇವೆಯ ಫಲಕದಲ್ಲಿರುವ ಎಡಬ್ಲ್ಯೂಸ್ಟಾಟ್ಸ್ ಎಂಬ ಎಣಿಕೆ ಸಾಧನ 30 ದಿನಗಳ ಕಳೆದ ತಿಂಗಳಿಗೆ 14,200 ಭೇಟಿಗಳನ್ನು ತೋರಿಸುತ್ತದೆ. ಅದೇ ಪುಟದಲ್ಲಿ ಹಿಟ್‌ಗಳು 2,10,000 ಎಂದೂ ಇದೆ. ಪುಟಗಳಲ್ಲಿ ಸೇರಿಸಿರುವ ಗೂಗಲ್ ಅನಾಲಿಟಿಕ್ಸ್ ಅದೇ ತಿಂಗಳಿಗೆ 3,900 ಸೆಷನ್‌ಗಳು, ಅಂದರೆ ಭೇಟಿಗಳು, ಎನ್ನುತ್ತದೆ. ಗೂಗಲ್ ಹುಡುಕಾಟದ ವರದಿ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ 1,720 ಕ್ಲಿಕ್‌ಗಳಿವೆ. ಹೆಚ್ಚು ಕಡಿಮೆ ಇರುವುದು ಸಹಜ ಎಂದುಕೊಳ್ಳೋಣ. ಆದರೆ ಮೂರೂವರೆ ಪಟ್ಟಿಗಿಂತ ಹೆಚ್ಚಿನ ಅಂತರವನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು? ಬರೆಯುವವರಿಗೆ ಸುಳ್ಳು ಸಂಖ್ಯೆ ಹೇಳಲು ನನಗೆ ಮನಸ್ಸಿಲ್ಲ. ಯಾವುದನ್ನು ನಂಬಲಿ?

ಮಿಂಚುಳ್ಳಿ

ಗೂಗಲ್ ಅನಾಲಿಟಿಕ್ಸ್ ಹೇಳುವುದನ್ನು ನಂಬಿ, ಉಳಿದದ್ದನ್ನು ಬಿಡಿ. ಎಡಬ್ಲ್ಯೂಸ್ಟಾಟ್ಸ್ ಹಳೆಯ ಕಾಲದ ಸಾಧನ.

ದಾಖಲೆಓದುಗ

ಮಿಂಚುಳ್ಳಿ ಅವರೇ, ಹಳೆಯದು ಎಂಬುದೊಂದೇ ಕಾರಣಕ್ಕೆ ಅದನ್ನು ತಳ್ಳಿಹಾಕುವುದು ಸರಿಯಲ್ಲ. ಪುಟಪಾಲಕರು ಮೊದಲು ತಿಳಿಯಬೇಕಾದದ್ದು, ಈ ಮೂರು ಸಾಧನಗಳು ಮೂರು ಬೇರೆ ಬೇರೆ ಸ್ಥಳಗಳಲ್ಲಿ ನಿಂತು ಎಣಿಸುತ್ತಿವೆ ಎಂಬುದನ್ನು.

ಸರ್ವರ್, ಅಂದರೆ ಜಾಲತಾಣದ ಪುಟಗಳನ್ನು ಇಟ್ಟುಕೊಂಡು ಕಳುಹಿಸುವ ಗಣಕ, ತನ್ನ ಬಳಿ ಬಂದ ಪ್ರತಿಯೊಂದು ಕೋರಿಕೆಯನ್ನೂ ಒಂದು ಸಾಲಾಗಿ ಲಾಗ್ ಕಡತದಲ್ಲಿ ಬರೆದಿಡುತ್ತದೆ. 1995ರಲ್ಲಿ ಬಂದ ಅನಲಾಗ್, 1997ರ ವೆಬಲೈಜರ್, 2000ದಲ್ಲಿ ಬಂದ ಎಡಬ್ಲ್ಯೂಸ್ಟಾಟ್ಸ್, 2010ರ ಗೋಆಕ್ಸೆಸ್ ಎಲ್ಲವೂ ಆ ಸಾಲುಗಳನ್ನು ಓದಿ ಲೆಕ್ಕ ಹಾಕುವ ಸಾಧನಗಳೇ. ಒಂದು ಪುಟದಲ್ಲಿ ಇಪ್ಪತ್ತು ಚಿತ್ರಗಳಿದ್ದರೆ ಪುಟಕ್ಕೊಂದು, ಚಿತ್ರಗಳಿಗೆ ಇಪ್ಪತ್ತು, ಒಟ್ಟು ಇಪ್ಪತ್ತೊಂದು ಹಿಟ್‌ಗಳು ದಾಖಲಾಗುತ್ತವೆ. ಆದ್ದರಿಂದ 2,10,000 ಎಂಬುದನ್ನು ಓದುಗರ ಲೆಕ್ಕದಿಂದ ಪೂರ್ತಿಯಾಗಿ ಹೊರಗಿಡಬಹುದು. ಅದು ಸರ್ವರ್ ಎಷ್ಟು ಕೆಲಸ ಮಾಡಿತು ಎಂಬುದನ್ನು ಮಾತ್ರ ಹೇಳುತ್ತದೆ.

ಗೂಗಲ್ ಅನಾಲಿಟಿಕ್ಸ್ ನಿಂತಿರುವುದು ಓದುಗರ ಬ್ರೌಸರ್‌ನೊಳಗೆ. ಪುಟದಲ್ಲಿರುವ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಂ ಓಡಿ, ತನ್ನ ಮಾಹಿತಿಯನ್ನು ಬೇರೊಂದು ಸರ್ವರ್‌ಗೆ ಕಳುಹಿಸಿದರೆ ಮಾತ್ರ ಭೇಟಿ ಎಣಿಕೆಗೆ ಬರುತ್ತದೆ. ಸ್ಕ್ರಿಪ್ಟ್ ಓಡಿಸದ ಬಾಟ್‌ಗಳು, ಅಂದರೆ ತಾವಾಗಿಯೇ ಪುಟಗಳನ್ನು ಕೇಳುತ್ತಾ ಹೋಗುವ ಪ್ರೋಗ್ರಾಂಗಳು, ಅದರ ಕಣ್ಣಿಗೆ ಬೀಳುವುದೇ ಇಲ್ಲ. ಸ್ಕ್ರಿಪ್ಟ್ ತಡೆಯುವ ಓದುಗರೂ ಬೀಳುವುದಿಲ್ಲ. ಸರ್ಚ್ ಕನ್ಸೋಲ್ ಅಂತೂ ಗೂಗಲ್‌ನ ಹುಡುಕಾಟದ ಫಲಿತಾಂಶ ಪುಟದಲ್ಲಿ ನಿಂತು, ಅಲ್ಲಿಂದ ನಿಮ್ಮ ಕಡೆಗೆ ಹೊರಟವರನ್ನು ಮಾತ್ರ ನೋಡುತ್ತದೆ. ನೇರವಾಗಿ ಬಂದವರು, ಗೆಳೆಯರು ಕಳುಹಿಸಿದ ಕೊಂಡಿ ಒತ್ತಿ ಬಂದವರು ಅದಕ್ಕೆ ಗೊತ್ತೇ ಇರುವುದಿಲ್ಲ.

ಅಂಕಿಗಣಕ

ಮೇಲಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. "ಭೇಟಿ" ಎಂಬ ಪದದ ಅರ್ಥವೇ ಎರಡೂ ಕಡೆ ಬೇರೆ. ಓದುಗರು ಪುಟ ತೆರೆದು, ಎದ್ದುಹೋಗಿ, 45 ನಿಮಿಷಗಳ ನಂತರ ಮರಳಿ ಬಂದು ಇನ್ನೊಂದು ಪುಟ ತೆರೆದರೆ, ಗೂಗಲ್ ಅನಾಲಿಟಿಕ್ಸ್ ಅದನ್ನು ಎರಡು ಸೆಷನ್ ಎನ್ನುತ್ತದೆ, ಏಕೆಂದರೆ ಅದರ ಸಾಮಾನ್ಯ ಮಿತಿ 30 ನಿಮಿಷ. ಎಡಬ್ಲ್ಯೂಸ್ಟಾಟ್ಸ್‌ನ ಮಿತಿ 60 ನಿಮಿಷವಾದ್ದರಿಂದ ಅದು ಒಂದೇ ಭೇಟಿ ಎನ್ನುತ್ತದೆ. ಗಮನಿಸಿ: ಈ ವ್ಯತ್ಯಾಸವೊಂದನ್ನೇ ನೋಡಿದರೆ ಎಡಬ್ಲ್ಯೂಸ್ಟಾಟ್ಸ್‌ನ ಸಂಖ್ಯೆ ಕಡಿಮೆಯಾಗಬೇಕಿತ್ತು. ನಿಮ್ಮಲ್ಲಿ ಅದು ಇಷ್ಟೊಂದು ಹೆಚ್ಚಾಗಿರುವುದರಿಂದ ಮನುಷ್ಯರಲ್ಲದ ಯಾವುದೋ ಒಂದು ಅಲ್ಲಿ ಸೇರಿಕೊಂಡಿದೆ ಎಂದೇ ನನ್ನ ಊಹೆ.

ದಿನವಾರು ಹೋಲಿಕೆ ಮಾಡುವಾಗ ಕಾಲವಲಯವನ್ನೂ ನೋಡಿಕೊಳ್ಳಿ. ಸರ್ಚ್ ಕನ್ಸೋಲ್‌ನ ದಿನವಾರು ಅಂಕಿಗಳು ಅಮೆರಿಕದ ಪೆಸಿಫಿಕ್ ಸಮಯದಂತೆ ಬದಲಾಗುತ್ತವೆ. ನಿಮ್ಮ ಸರ್ವರ್‌ನ ಗಡಿಯಾರ ಬೇರೆ ಇರಬಹುದು. ಅನಾಲಿಟಿಕ್ಸ್‌ನಲ್ಲಿ ನೀವೇ ಆರಿಸಿದ ವಲಯವಿರುತ್ತದೆ. ಒಂದೇ ದಿನಾಂಕದ ಹೆಸರಿನಲ್ಲಿ ಮೂರು ಬೇರೆ ದಿನಗಳನ್ನು ಹೋಲಿಸಿ ಗಾಬರಿಯಾದವರನ್ನು ನಾನು ಕಂಡಿದ್ದೇನೆ.

ಖಾಸಗಿತನಮೊದಲು

ಬಾಟ್‌ಗಳನ್ನು ಕಳೆದರೆ ಅನಾಲಿಟಿಕ್ಸ್‌ನ ಸಂಖ್ಯೆಯೇ ನಿಜ ಎಂಬ ತೀರ್ಮಾನಕ್ಕೆ ಎಲ್ಲರೂ ಹೋಗುತ್ತಿರುವಂತಿದೆ, ಅದನ್ನು ನಾನು ಒಪ್ಪುವುದಿಲ್ಲ. ಜಾಹೀರಾತು ತಡೆಯುವ ವಿಸ್ತರಣೆಗಳಲ್ಲಿ ಹಲವು ಹೆಸರಾಂತ ಎಣಿಕೆ ಸ್ಕ್ರಿಪ್ಟ್‌ಗಳನ್ನೂ ತಡೆಯುತ್ತವೆ. ಫೈರ್‌ಫಾಕ್ಸ್ 2019ರಿಂದ ಬೆನ್ನಟ್ಟುವ ಕುಕೀಗಳ (ಓದುಗರನ್ನು ಗುರುತಿಸಲು ಬ್ರೌಸರ್‌ನಲ್ಲಿ ಇಡುವ ಪುಟ್ಟ ದಾಖಲೆಗಳ) ವಿರುದ್ಧದ ರಕ್ಷಣೆಯನ್ನು ಎಲ್ಲರಿಗೂ ತಾನಾಗಿಯೇ ಚಾಲೂ ಮಾಡಿತು. ಸಫಾರಿಯಲ್ಲಿ ಅದೇ ವರ್ಷದಿಂದ, ಸ್ಕ್ರಿಪ್ಟ್ ಬರೆದ ಕುಕೀಯ ಆಯುಷ್ಯ ಏಳು ದಿನಕ್ಕೆ ಸೀಮಿತವಾಗಿದೆ. ಪ್ರತಿ ಹತ್ತು ದಿನಕ್ಕೊಮ್ಮೆ ತಪ್ಪದೆ ಬಂದು ಓದುವ ನಿಷ್ಠಾವಂತ ಓದುಗರೊಬ್ಬರು ಸಫಾರಿ ಬಳಸುತ್ತಿದ್ದರೆ, ಅವರು ಪ್ರತಿ ಸಲವೂ ಹೊಸಬರಾಗಿಯೇ ದಾಖಲಾಗುತ್ತಾರೆ. ಅಂದರೆ ಭೇಟಿಗಳು ಕಡಿಮೆಯಾಗಿ, "ಹೊಸ ಬಳಕೆದಾರರು" ಹೆಚ್ಚಾಗಿ ಕಾಣುತ್ತಾರೆ. ಒಂದೇ ವರದಿಯಲ್ಲಿ ಎರಡು ವಿರುದ್ಧ ದಿಕ್ಕಿನ ತಪ್ಪುಗಳು.

ಇನ್ನು ನ್ಯಾಯದ ಪ್ರಶ್ನೆ. ಓದಲು ಬಂದವರ ಬೆನ್ನು ಹತ್ತುವ ಹಕ್ಕು ನಮಗೆ ಯಾರು ಕೊಟ್ಟರು? 2022ರ ಫೆಬ್ರವರಿಯಲ್ಲಿ ಫ್ರಾನ್ಸ್‌ನ ದತ್ತಾಂಶ ರಕ್ಷಣಾ ಪ್ರಾಧಿಕಾರವು, ಗೂಗಲ್ ಅನಾಲಿಟಿಕ್ಸ್ ಮೂಲಕ ಓದುಗರ ಮಾಹಿತಿಯನ್ನು ಅಮೆರಿಕಕ್ಕೆ ಕಳುಹಿಸುವುದು ಯುರೋಪಿನ ನಿಯಮಕ್ಕೆ ವಿರುದ್ಧ ಎಂದು ಒಂದು ಜಾಲತಾಣಕ್ಕೆ ಹೇಳಿತು. ಪುಟಪಾಲಕರೇ, ಆ ಸ್ಕ್ರಿಪ್ಟ್ ಅನ್ನು ತೆಗೆದುಹಾಕಿ. ಲಾಗ್ ಸಾಕು.

ಶಂಖಪುಷ್ಪ

ಖಾಸಗಿತನಮೊದಲು ಅವರು ಹೇಳಿದ ತೀರ್ಮಾನ ನಿಜ, ಆದರೆ ಕತೆ ಅಲ್ಲಿಗೆ ನಿಲ್ಲಲಿಲ್ಲ. 2023ರ ಜುಲೈನಲ್ಲಿ ಯುರೋಪಿಯನ್ ಆಯೋಗವು ಅಮೆರಿಕಕ್ಕೆ ಮಾಹಿತಿ ಕಳುಹಿಸಲು ಹೊಸ ಚೌಕಟ್ಟೊಂದನ್ನು ಒಪ್ಪಿತು. ಆದ್ದರಿಂದ 2022ರ ಮಾತನ್ನು ಇಂದಿಗೂ ಹಾಗೆಯೇ ಅನ್ವಯಿಸುವುದು ಸರಿಯಾಗದು. ಒಪ್ಪಿಗೆ ಕೇಳಿ ಕುಕೀ ಇಡಬೇಕೆಂಬ ನಿಯಮ ಮಾತ್ರ ಬೇರೆಯೇ ವಿಷಯ, ಅದು ಹಾಗೆಯೇ ಇದೆ.

ಮಿಂಚುಳ್ಳಿ

ಜೊತೆಗೆ, "ಲಾಗ್ ಸಾಕು" ಎನ್ನುವವರು ಎರಡು ವಿಷಯ ಮರೆಯುತ್ತಿದ್ದಾರೆ. ಮೊದಲನೆಯದು, ಲಾಗ್‌ನಲ್ಲಿ ಓದುಗರ ಪೂರ್ತಿ ಐಪಿ ವಿಳಾಸ, ಅಂದರೆ ಅವರ ಅಂತರ್ಜಾಲ ಸಂಪರ್ಕದ ಸಂಖ್ಯೆ, ಇರುತ್ತದೆ. ಬದಲಾಗುತ್ತಿರುವ ಐಪಿ ವಿಳಾಸವೂ ವೈಯಕ್ತಿಕ ಮಾಹಿತಿಯಾಗಬಹುದು ಎಂದು ಯುರೋಪಿಯನ್ ನ್ಯಾಯಾಲಯ 2016ರಲ್ಲೇ ಹೇಳಿದೆ. ಲಾಗ್ ಇಟ್ಟುಕೊಂಡ ಮಾತ್ರಕ್ಕೆ ಯಾರೂ ಖಾಸಗಿತನದ ರಕ್ಷಕರಾಗುವುದಿಲ್ಲ. ಎರಡನೆಯದು, ಜಾಲತಾಣದ ಮುಂದೆ ಸಿಡಿಎನ್ (ಪುಟಗಳ ಪ್ರತಿಗಳನ್ನು ಹಲವೆಡೆ ಇಟ್ಟು ಹಂಚುವ ಜಾಲ) ಇದ್ದರೆ ಅದರ ಕ್ಯಾಶ್‌ನಿಂದಲೇ, ಅಂದರೆ ಅಲ್ಲಿ ಉಳಿಸಿಟ್ಟ ಪ್ರತಿಯಿಂದಲೇ, ಪುಟ ಸಿಕ್ಕವರ ಸುದ್ದಿ ನಿಮ್ಮ ಸರ್ವರ್‌ಗೆ ತಲುಪುವುದೇ ಇಲ್ಲ. ಬ್ರೌಸರ್‌ನ "ಹಿಂದೆ" ಗುಂಡಿ ಒತ್ತಿ ಮರಳಿದವರ ಸುದ್ದಿಯೂ ಎಷ್ಟೋ ಸಲ ತಲುಪುವುದಿಲ್ಲ. ಅಲ್ಲಿಗೆ ಲಾಗ್‌ನ ಎಣಿಕೆ ಪೂರ್ಣ ಎಂಬ ನಂಬಿಕೆಯೂ ಬಿದ್ದುಹೋಯಿತು.

ಖಾಸಗಿತನಮೊದಲು

ಐಪಿ ವಿಳಾಸದ ಕೊನೆಯ ಭಾಗವನ್ನು ಸೊನ್ನೆ ಮಾಡಿ ಬರೆಯುವಂತೆ ಸರ್ವರ್‌ಗೆ ಹೇಳಬಹುದು, ಹಳೆಯ ಲಾಗ್ ಅಳಿಸಬಹುದು. ಮಾಹಿತಿ ಕನಿಷ್ಠ ನಮ್ಮ ಕೈಯಲ್ಲಿರುತ್ತದೆ, ಮೂರನೆಯವರ ಕೈಗೆ ಹೋಗುವುದಿಲ್ಲ. ನನ್ನ ವಾದ ಅಷ್ಟೇ.

ಶಂಖಪುಷ್ಪ

ಇಬ್ಬರ ವಾದಕ್ಕೂ ನಡುವೆ ದಾರಿಗಳಿವೆ. ಮಟೊಮೊ ಎಂಬ ಎಣಿಕೆ ಸಾಧನವನ್ನು, 2018ಕ್ಕೆ ಮೊದಲು ಅದರ ಹೆಸರು ಪಿವಿಕ್ ಆಗಿತ್ತು, ನಿಮ್ಮದೇ ಸರ್ವರ್‌ನಲ್ಲಿ ಸ್ಥಾಪಿಸಿಕೊಳ್ಳಬಹುದು. ಅದು ಸ್ಕ್ರಿಪ್ಟ್ ಮೂಲಕವೂ ಎಣಿಸುತ್ತದೆ, ಬೇಕೆಂದರೆ ಸರ್ವರ್‌ನ ಲಾಗ್ ಅನ್ನೂ ಒಳಗೆ ತೆಗೆದುಕೊಂಡು ಲೆಕ್ಕ ಹಾಕುತ್ತದೆ. ಕುಕೀ ಇಲ್ಲದೆಯೂ ನಡೆಯುತ್ತದೆ. ಪ್ಲಾಸಿಬಲ್, ಉಮಾಮಿ, ಗೋಟ್‌ಕೌಂಟರ್ ಮೊದಲಾದವು ಇನ್ನೂ ಹಗುರ.

ಕುಕೀ ಇಲ್ಲದೆ ಒಬ್ಬರನ್ನು ಎರಡು ಸಲ ಎಣಿಸದಿರುವುದು ಹೇಗೆ ಎಂದು ಹಲವರು ಕೇಳುತ್ತಾರೆ. ಪ್ಲಾಸಿಬಲ್ ಮಾಡುವ ವಿಧಾನ ಹೀಗಿದೆ: ಐಪಿ ವಿಳಾಸ, ಬ್ರೌಸರ್ ತನ್ನ ಹೆಸರು ಹೇಳಿಕೊಳ್ಳುವ ಗುರುತುಸಾಲು, ಜಾಲತಾಣದ ಹೆಸರು ಇವುಗಳ ಜೊತೆಗೆ ದಿನಕ್ಕೊಮ್ಮೆ ಬದಲಾಗುವ ಒಂದು ಗುಪ್ತ ಪದವನ್ನು ಸೇರಿಸಿ, ಎಲ್ಲವನ್ನೂ ಕಲಸಿ ಹಿಂದಕ್ಕೆ ಬಿಡಿಸಲಾಗದ ಒಂದು ಹ್ಯಾಶ್ ಮಾಡುತ್ತದೆ. ಮರುದಿನ ಹಳೆಯ ಗುಪ್ತ ಪದವನ್ನು ಅಳಿಸಿಬಿಡುತ್ತದೆ. ಹೀಗಾಗಿ ಇಂದು ಎರಡು ಸಲ ಬಂದ ನೀವು ಒಬ್ಬರೇ ಎಂದು ಅದಕ್ಕೆ ಗೊತ್ತಾಗುತ್ತದೆ. ನಾಳೆ ಬಂದಾಗ ಗೊತ್ತಾಗುವುದಿಲ್ಲ.

ಅಂಕಿಗಣಕ

ಇದರ ಫಲವನ್ನೂ ಹೇಳಿಬಿಡಿ, ಶಂಖಪುಷ್ಪ ಅವರೇ. ತಿಂಗಳಲ್ಲಿ ಇಪ್ಪತ್ತು ದಿನ ಬಂದ ಒಬ್ಬರು ಅಲ್ಲಿ ಇಪ್ಪತ್ತು ಜನರಾಗುತ್ತಾರೆ. ದಿನದ ಅಂಕಿ ನಂಬಬಹುದು, ತಿಂಗಳ "ಒಟ್ಟು ಸಂದರ್ಶಕರು" ಎಂಬುದನ್ನು ಅದೇ ಅರ್ಥದಲ್ಲಿ ನಂಬಬಾರದು. ಇನ್ನೊಂದು ಕಡೆ, ಒಂದೇ ಐಪಿ ವಿಳಾಸವನ್ನು ನೂರಾರು ಮೊಬೈಲ್ ಬಳಕೆದಾರರು ಹಂಚಿಕೊಳ್ಳುವುದೂ ಸಾಮಾನ್ಯ. ಒಂದೇ ಬಗೆಯ ಫೋನ್, ಒಂದೇ ಬ್ರೌಸರ್ ಇರುವ ಇಬ್ಬರು ಒಂದೇ ವಿಳಾಸದ ಹಿಂದಿದ್ದರೆ ಇಬ್ಬರೂ ಸೇರಿ ಒಬ್ಬರಾಗುತ್ತಾರೆ. ಗೂಗಲ್ ಅನಾಲಿಟಿಕ್ಸ್‌ನ ಈಗಿನ ಆವೃತ್ತಿಯಾದ ಅನಾಲಿಟಿಕ್ಸ್ 4 ಕೂಡ ಬಳಕೆದಾರರ ಸಂಖ್ಯೆಯನ್ನು ಒಬ್ಬೊಬ್ಬರಾಗಿ ಎಣಿಸದೆ ಒಂದು ಅಂದಾಜು ವಿಧಾನದಿಂದ ಕೊಡುತ್ತದೆ.

ದಾಖಲೆಓದುಗ

ಸಾಧನಗಳ ಚರ್ಚೆ ಒಂದು ಕಡೆ ಇರಲಿ. ಪುಟಪಾಲಕರೇ, ನನ್ನದೊಂದು ಕೋರಿಕೆ: ಯಾವ ಸಾಧನವನ್ನೂ ಬದಲಾಯಿಸುವ ಮೊದಲು ಒಂದು ದಿನದ ಲಾಗ್ ಕಡತವನ್ನು ಇಳಿಸಿಕೊಂಡು, ಸಾದಾ ಪಠ್ಯ ಸಂಪಾದಕದಲ್ಲಿ ತೆರೆದು, ಕಣ್ಣಾರೆ ಒಂದು ಗಂಟೆ ಓದಿ.

ಪ್ರತಿ ಸಾಲಿನಲ್ಲಿ ಮೊದಲು ಐಪಿ ವಿಳಾಸ, ನಂತರ ಎರಡು ಅಡ್ಡಗೆರೆ, ಚೌಕ ಆವರಣದಲ್ಲಿ ದಿನಾಂಕ ಮತ್ತು ಸಮಯ, ಉದ್ಧರಣ ಚಿಹ್ನೆಯೊಳಗೆ ಕೇಳಿದ ಪುಟದ ವಿಳಾಸ, 200 (ಪುಟ ಸಿಕ್ಕಿತು) ಅಥವಾ 304 (ಪುಟ ಬದಲಾಗಿಲ್ಲ) ಅಥವಾ 404 (ಪುಟ ಸಿಗಲಿಲ್ಲ) ಎಂಬ ಸ್ಥಿತಿ ಸಂಖ್ಯೆ, ಕಳುಹಿಸಿದ ಬೈಟ್‌ಗಳು, ಎಲ್ಲಿಂದ ಬಂದರು ಎಂಬ ರೆಫರರ್, ಕೊನೆಗೆ ಬ್ರೌಸರ್‌ನ ಗುರುತುಸಾಲು ಇರುತ್ತದೆ. ಮೊದಲ ಸಲ ಬಂದ ಮನುಷ್ಯರ ಹಿಂದೆ ಒಂದು ಬಾಲವಿರುತ್ತದೆ. 10 ಗಂಟೆ 42 ನಿಮಿಷ 7 ಸೆಕೆಂಡಿಗೆ ಲೇಖನದ ಸಾಲು ಕಾಣಿಸಿದರೆ, ಅದೇ ಸೆಕೆಂಡಿನಲ್ಲಿ ಶೈಲಿ ಕಡತ, 8ನೇ ಸೆಕೆಂಡಿನಲ್ಲಿ ಚಿತ್ರಗಳು ಮತ್ತು ಅಕ್ಷರಶೈಲಿ, ಅದರ ಬೆನ್ನಿಗೆ ಜಾಲತಾಣದ ಪುಟ್ಟ ಚಿಹ್ನೆ, ಹೀಗೆ ಒಂದೇ ವಿಳಾಸದಿಂದ ಹತ್ತು ಹನ್ನೆರಡು ಸಾಲುಗಳು ಗುಂಪಾಗಿ ಬೀಳುತ್ತವೆ. ಆಮೇಲೆ ನಾಲ್ಕೈದು ನಿಮಿಷ ಮೌನ, ಓದುತ್ತಿದ್ದಾರೆ. ನಂತರ ಇನ್ನೊಂದು ಲೇಖನ. ಸಾಮಾನ್ಯ ಬಾಟ್‌ನ ಸಾಲು ಬೋಳಾಗಿರುತ್ತದೆ: ಪುಟ ಮಾತ್ರ ಬೇಕು, ಚಿತ್ರ ಬೇಡ, ರೆಫರರ್ ಇಲ್ಲ, ಮೂರು ಸೆಕೆಂಡಿಗೊಂದರಂತೆ ಮುಂದಿನ ಪುಟ.

ಎಲ್ಲ ಬಾಟ್‌ಗಳೂ ಇಷ್ಟು ಸರಳವಲ್ಲ ಎಂಬುದು ನಿಜ. ಪೂರ್ತಿ ಬ್ರೌಸರ್ ಅನ್ನೇ ಓಡಿಸುವ ಬಾಟ್‌ಗಳು ಚಿತ್ರಗಳನ್ನೂ ತರಿಸಿಕೊಳ್ಳುತ್ತವೆ, ಸ್ಕ್ರಿಪ್ಟ್ ಅನ್ನೂ ಓಡಿಸುತ್ತವೆ. ಗೂಗಲ್ ಹುಡುಕಾಟಕ್ಕಾಗಿ ಪುಟಗಳನ್ನು ಓದುವ ಗೂಗಲ್‌ಬಾಟ್ ಎಂದು ಹೆಸರು ಹೇಳಿಕೊಂಡು ಬರುವುದೆಲ್ಲ ಗೂಗಲ್‌ಬಾಟ್ ಅಲ್ಲ. ಆ ಐಪಿ ವಿಳಾಸವನ್ನು ಹಿಮ್ಮುಖವಾಗಿ ಹುಡುಕಿ ಸಿಕ್ಕ ಹೆಸರು ಗೂಗಲ್‌ನದೇ ಎಂದು ನೋಡಿ, ಆ ಹೆಸರಿನಿಂದ ಮತ್ತೆ ಅದೇ ಐಪಿ ಬರುತ್ತದೆಯೇ ಎಂದು ಪರೀಕ್ಷಿಸಿದರೆ ಮಾತ್ರ ಖಚಿತವಾಗುತ್ತದೆ.

ಅರಳು

ಮಧ್ಯೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮಿಸಿ. ನನ್ನ ಹಳೆಯ ವರದಿಗಳಲ್ಲಿ ಅತ್ಯಂತ ಉದ್ದದ ಲೇಖನಕ್ಕೆ ಸರಾಸರಿ ಓದಿನ ಸಮಯ ಬಹುತೇಕ ಸೊನ್ನೆ ಎಂದಿದೆ. ಜನ ತೆರೆದ ಕೂಡಲೇ ಮುಚ್ಚುತ್ತಿದ್ದಾರೆಯೇ?

ಅಂಕಿಗಣಕ

ಹಾಗೇನಿಲ್ಲ, ಅರಳು ಅವರೇ. ಗೂಗಲ್ ಅನಾಲಿಟಿಕ್ಸ್‌ನ ಹಳೆಯ ಆವೃತ್ತಿಯಾದ ಯುನಿವರ್ಸಲ್ ಅನಾಲಿಟಿಕ್ಸ್ ಒಂದು ಪುಟದ ಸಮಯವನ್ನು ಮುಂದಿನ ಪುಟ ತೆರೆದ ಕ್ಷಣದಿಂದ ಕಳೆದು ಕಂಡುಹಿಡಿಯುತ್ತಿತ್ತು. ನಿಮ್ಮ ಲೇಖನವನ್ನು ಹನ್ನೆರಡು ನಿಮಿಷ ಕುಳಿತು ಪೂರ್ತಿ ಓದಿ, ತೃಪ್ತಿಯಿಂದ ಕಿಟಕಿ ಮುಚ್ಚಿದವರಿಗೆ ಮುಂದಿನ ಪುಟವೇ ಇಲ್ಲ. ಆದ್ದರಿಂದ ಅವರ ಸಮಯ ಸೊನ್ನೆ ಸೆಕೆಂಡು, ಅದರ ಮೇಲೆ "ಬೌನ್ಸ್" ಎಂಬ ಹಣೆಪಟ್ಟಿ. ಒಂದೇ ಪುಟದಲ್ಲಿ ಬೇಕಾದದ್ದೆಲ್ಲ ಸಿಕ್ಕವರನ್ನು ನಿರಾಶರಾಗಿ ಹೋದವರ ಸಾಲಿಗೆ ಸೇರಿಸಿದ ಆ ಲೆಕ್ಕದಿಂದಾಗಿ ಎಷ್ಟೋ ಒಳ್ಳೆಯ ಉದ್ದ ಲೇಖನಗಳನ್ನು ತುಂಡು ಮಾಡಿದ್ದಾರೆ ಎಂಬುದು ನನಗೆ ಇಂದಿಗೂ ನೋವಿನ ವಿಷಯ.

2023ರ ಜುಲೈ 1ರಂದು ಆ ಸಾಧನ ಹೊಸ ಮಾಹಿತಿ ಸ್ವೀಕರಿಸುವುದನ್ನು ನಿಲ್ಲಿಸಿತು. ಅದರ ಜಾಗಕ್ಕೆ ಬಂದ ಅನಾಲಿಟಿಕ್ಸ್ 4ರಲ್ಲಿ ಪುಟ ಕಣ್ಣಿಗೆ ಕಾಣುವಂತೆ ಮುಂದೆ ತೆರೆದಿರುವ ಸಮಯವನ್ನು ಅಳೆಯುತ್ತಾರೆ. ಒಂದು ಸೆಷನ್ 10 ಸೆಕೆಂಡಿಗಿಂತ ಹೆಚ್ಚು ಇದ್ದರೆ, ಅಥವಾ ಎರಡು ಪುಟ ನೋಡಿದರೆ, ಅಥವಾ ನೀವು ಮುಖ್ಯವೆಂದು ಗುರುತಿಸಿದ ಘಟನೆ ನಡೆದರೆ ಅದನ್ನು "ತೊಡಗಿಕೊಂಡ" ಸೆಷನ್ ಎನ್ನುತ್ತಾರೆ. ಹಳೆಯ ಮತ್ತು ಹೊಸ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಬೇಡಿ.

ಕೊಂಡಿಕೋಶ

ಎಲ್ಲಿಂದ ಬಂದರು ಎಂಬ ಬಗ್ಗೆ ಯಾರೂ ಹೇಳಲಿಲ್ಲ. ಎಷ್ಟು ಜನ ಎಂಬುದಕ್ಕಿಂತ ಅದೇ ಹೆಚ್ಚು ಉಪಯುಕ್ತ ಎಂದು ನಾನು ನಂಬಿದ್ದೇನೆ. ವರದಿಯಲ್ಲಿ "ನೇರ" ಎಂದು ಕಾಣುವುದರ ಅರ್ಥ ವಿಳಾಸವನ್ನು ಟೈಪ್ ಮಾಡಿ ಬಂದರು ಎಂದಲ್ಲ; ಎಲ್ಲಿಂದ ಬಂದರೆಂದು ಸಾಧನಕ್ಕೆ ತಿಳಿಯಲಿಲ್ಲ ಎಂದಷ್ಟೇ. ಸಂದೇಶ ಆ್ಯಪ್, ಇಮೇಲ್ ಆ್ಯಪ್, ಪಿಡಿಎಫ್ ಕಡತ ಇವುಗಳಿಂದ ಕೊಂಡಿ ಒತ್ತಿ ಬಂದವರಿಗೆ ಎಷ್ಟೋ ಸಲ ರೆಫರರ್ ಇರುವುದಿಲ್ಲ. ಕ್ರೋಮ್ 2020ರಿಂದ ಬೇರೆ ತಾಣಕ್ಕೆ ಹೋಗುವಾಗ ಪೂರ್ತಿ ವಿಳಾಸದ ಬದಲು ತಾಣದ ಹೆಸರನ್ನು ಮಾತ್ರ ಕಳುಹಿಸುತ್ತದೆ. ಗೂಗಲ್ 2011ರ ಅಕ್ಟೋಬರಿನಲ್ಲಿ ಹುಡುಕಾಟವನ್ನು ಗೂಢಲಿಪಿಗೆ ಒಯ್ಯಲು ತೊಡಗಿದ ಮೇಲೆ, ಯಾವ ಪದ ಹುಡುಕಿ ಬಂದರು ಎಂಬುದು ರೆಫರರ್‌ನಿಂದ ಮಾಯವಾಯಿತು; ಈಗ ಅದಕ್ಕೆ ಸರ್ಚ್ ಕನ್ಸೋಲ್ ಒಂದೇ ದಿಕ್ಕು, ಅದರಲ್ಲೂ 16 ತಿಂಗಳ ಮಾಹಿತಿ ಮಾತ್ರ.

ಆದ್ದರಿಂದ ನೀವೇ ಹಂಚುವ ಕೊಂಡಿಗಳಿಗೆ ಯುಟಿಎಮ್ ಗುರುತು, ಅಂದರೆ ಎಲ್ಲಿಂದ ಬಂದರೆಂದು ಹೇಳಲು ವಿಳಾಸದ ಕೊನೆಗೆ ಹಾಕುವ ಪದಗಳನ್ನು, ಸೇರಿಸಿ. ಅದರ ಮೊದಲ ಅಕ್ಷರ ಅರ್ಚಿನ್ ಎಂಬ ಸಾಧನದ್ದು. 2005ರಲ್ಲಿ ಗೂಗಲ್ ಅದನ್ನು ಕೊಂಡು, ಅದೇ ವರ್ಷ ಅನಾಲಿಟಿಕ್ಸ್ ಎಂದು ಹೊರತಂದಿತು. ಎಚ್ಚರಿಕೆ ಎರಡು: ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆಯಾಗಿ ಎಣಿಸಲ್ಪಡುತ್ತವೆ, ಆದ್ದರಿಂದ ಒಂದೇ ಪದ್ಧತಿ ಇಟ್ಟುಕೊಳ್ಳಿ. ನಿಮ್ಮದೇ ತಾಣದ ಒಳಗಿನ ಕೊಂಡಿಗಳಿಗೆ ಮಾತ್ರ ಎಂದಿಗೂ ಹಾಕಬೇಡಿ. ಹಾಕಿದರೆ ಓದುಗರು ಮೊದಲು ಎಲ್ಲಿಂದ ಬಂದರು ಎಂಬ ದಾಖಲೆ ಕಲಸಿಹೋಗುತ್ತದೆ.

ಅಕ್ಷರಜಾಡು

ಕನ್ನಡದಲ್ಲಿ ವಿಳಾಸ ಇಟ್ಟವರಿಗೆ ಇನ್ನೊಂದು ತೊಡಕಿದೆ, ಅದನ್ನು ಇಂಗ್ಲಿಷ್ ತಾಣದವರು ಯಾರೂ ಹೇಳುವುದಿಲ್ಲ. ಲಾಗ್‌ನಲ್ಲಿ ಕನ್ನಡ ಅಕ್ಷರ ಅಕ್ಷರವಾಗಿ ಕಾಣುವುದಿಲ್ಲ. "ಕ" ಎಂಬ ಒಂದು ಅಕ್ಷರ ಮೂರು ಬೈಟ್‌ಗಳಾಗಿ, ಇ0, ಬಿ2, 95 ಎಂದು ಪ್ರತಿಯೊಂದರ ಮುಂದೆ ಶೇಕಡಾ ಚಿಹ್ನೆಯೊಂದಿಗೆ, ಒಟ್ಟು ಒಂಬತ್ತು ಚಿಹ್ನೆಗಳಾಗಿ ಬರುತ್ತದೆ. ಒತ್ತಕ್ಷರ, ಸ್ವರಚಿಹ್ನೆ ಎಲ್ಲ ಸೇರಿದರೆ ಒಂದು ಸಾಧಾರಣ ಶೀರ್ಷಿಕೆಯೇ ಇನ್ನೂರು ಮುನ್ನೂರು ಚಿಹ್ನೆಗಳಾಗುತ್ತದೆ. ಸಂದೇಶದಲ್ಲಿ ಅಂಟಿಸುವಾಗ ಅದು ನಡುವೆ ತುಂಡಾದರೆ ಓದುಗರಿಗೆ 404 ಸಿಗುತ್ತದೆ. ಎಣಿಕೆ ಸಾಧನ ಅದನ್ನೂ ಒಂದು ಹೊಸ "ಪುಟ" ಎಂದು ಪಟ್ಟಿಗೆ ಸೇರಿಸಬಹುದು.

ಇನ್ನೂ ಸೂಕ್ಷ್ಮವಾದದ್ದು ಕಣ್ಣಿಗೆ ಕಾಣದ ಅಕ್ಷರ. "ಸರ್ವರ್‌ಗಳು" ಎಂದು ಬರೆಯುವಾಗ ರ್ ಅಕ್ಷರವು ಅರ್ಕಾವತ್ತಾಗದಂತೆ ತಡೆಯಲು ನಾವು ಅಗೋಚರ ಬಿಡಿಸುವಿಕೆಯ ಚಿಹ್ನೆಯೊಂದನ್ನು ಹಾಕುತ್ತೇವೆ. ವಿಳಾಸದಲ್ಲಿ ಅದಿದ್ದರೆ ಒಂದು ಪುಟ, ಇಲ್ಲದಿದ್ದರೆ ಇನ್ನೊಂದು ಪುಟ. ಹಾಗೆಯೇ "ಕೊ" ಎಂಬುದರ ಸ್ವರಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, "ಎ"ಕಾರ ಮತ್ತು "ಊ"ಕಾರದ ಎರಡು ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ನೋಟಕ್ಕೆ ಎರಡೂ ಒಂದೇ, ಬೈಟ್‌ಗಳು ಬೇರೆ. ನನ್ನ ತಾಣದಲ್ಲಿ ಅತಿ ಹೆಚ್ಚು ಓದಿದ ಲೇಖನವು ಒಂದು ವರ್ಷ ಕಾಲ ಎರಡು ಪ್ರತ್ಯೇಕ ಸಾಲುಗಳಾಗಿ ಒಡೆದುಹೋಗಿ, ಪಟ್ಟಿಯ ನಾಲ್ಕು ಮತ್ತು ಏಳನೆಯ ಸ್ಥಾನದಲ್ಲಿ ಕಾಣುತ್ತಿತ್ತು. ಎರಡನ್ನೂ ಕೂಡಿಸಿದಾಗಲೇ ಅದು ಮೊದಲ ಸ್ಥಾನದ್ದು ಎಂದು ತಿಳಿದದ್ದು.

ದಾಖಲೆಓದುಗ

ಅಕ್ಷರಜಾಡು ಅವರೇ, ಇದು ನನಗೆ ಹೊಸ ತಿಳಿವಳಿಕೆ. ಧನ್ಯವಾದ.

ಪುಟಪಾಲಕ

ಎಲ್ಲರ ಉತ್ತರಗಳನ್ನೂ ಓದಿದೆ. ದಾಖಲೆಓದುಗರು ಹೇಳಿದಂತೆ ನಿನ್ನೆಯ ಲಾಗ್ ಇಳಿಸಿಕೊಂಡು ಓದಲು ಕುಳಿತೆ. ಒಂದು ಗಂಟೆ ಎಂದುಕೊಂಡದ್ದು ಮೂರು ಗಂಟೆಯಾಯಿತು.

ಮುಖಪುಟವನ್ನು ಯಾರೋ ಕರಾರುವಾಕ್ಕಾಗಿ ಐದು ನಿಮಿಷಕ್ಕೊಮ್ಮೆ ಕೇಳುತ್ತಿದ್ದಾರೆ. ಬಾಲವಿಲ್ಲ, ಚಿತ್ರ ತರಿಸಿಕೊಳ್ಳುವುದಿಲ್ಲ. ಗುರುತುಸಾಲಿನಲ್ಲಿ ಮಾತ್ರ ಸಾಮಾನ್ಯ ಬ್ರೌಸರ್‌ನ ಹೆಸರಿದೆ, ಆದ್ದರಿಂದ ಎಡಬ್ಲ್ಯೂಸ್ಟಾಟ್ಸ್ ಅದನ್ನು ಬಾಟ್‌ಗಳ ಪಟ್ಟಿಗೆ ಹಾಕಿರಲಿಲ್ಲ. ಯೋಚಿಸಿದಾಗ ನೆನಪಾಯಿತು: ತಾಣ ಕೆಟ್ಟು ನಿಂತರೆ ನನಗೆ ಸಂದೇಶ ಕಳುಹಿಸಲೆಂದು ಕಳೆದ ವರ್ಷ ನಾನೇ ಒಂದು ಕಾವಲು ಸೇವೆಗೆ ಹೆಸರು ನೋಂದಾಯಿಸಿದ್ದೆ. ಗಂಟೆಗೆ 12, ದಿನಕ್ಕೆ 288, 30 ದಿನಕ್ಕೆ 8,640. ಅಂದರೆ 14,200ರಲ್ಲಿ 8,640 ಭೇಟಿಗಳು ಅದರದ್ದೇ ಅಲ್ಲವೇ?

ಅಂಕಿಗಣಕ

ಅಷ್ಟು ಬೇಗ ಕಳೆಯಬೇಡಿ. ಅವು 8,640 ಕೋರಿಕೆಗಳು. ಒಂದೇ ಐಪಿಯಿಂದ ಐದು ನಿಮಿಷಕ್ಕೊಮ್ಮೆ ಬಂದರೆ ನಡುವೆ 60 ನಿಮಿಷದ ಬಿಡುವೇ ಇರುವುದಿಲ್ಲ. ಎಡಬ್ಲ್ಯೂಸ್ಟಾಟ್ಸ್‌ನ ಲೆಕ್ಕದಲ್ಲಿ ಅದು ಮುಗಿಯದ ಒಂದೇ ಉದ್ದ ಭೇಟಿ. ಹಾಗಾಗಿ ನಿಮ್ಮ ಭೇಟಿಗಳ ಸಂಖ್ಯೆಯನ್ನು ಅದು ಉಬ್ಬಿಸಿರಲಾರದು. ಆ ಸಾಲುಗಳ ಐಪಿ ವಿಳಾಸ ಒಂದೇ ಆಗಿದೆಯೇ ಎಂದು ದಯವಿಟ್ಟು ನೋಡಿ ಹೇಳಿ.

ಪುಟಪಾಲಕ

ನೋಡಿದೆ, ಒಂದೇ ಅಲ್ಲ. ಒಟ್ಟು 15 ವಿಳಾಸಗಳಿವೆ, ಸರದಿಯಂತೆ ಒಂದಾದ ಮೇಲೊಂದು ಬರುತ್ತವೆ. ಹದಿನೈದೂ ಮುಗಿದ ಮೇಲೆ ಮತ್ತೆ ಮೊದಲನೆಯದು.

ಅಂಕಿಗಣಕ

ಹಾಗಾದರೆ ಉತ್ತರ ಸಿಕ್ಕಿತು. ಹದಿನೈದು ವಿಳಾಸ, ಐದು ನಿಮಿಷದ ಅಂತರ. ಪ್ರತಿ ವಿಳಾಸವೂ 75 ನಿಮಿಷಗಳ ನಂತರ ಮರಳಿ ಬರುತ್ತದೆ. 60 ನಿಮಿಷದ ಮಿತಿ ಪ್ರತಿ ಸಲವೂ ಮೀರುತ್ತದೆ, ಆದ್ದರಿಂದ ಪ್ರತಿಯೊಂದು ಕೋರಿಕೆಯೂ ಹೊಸ ಭೇಟಿ. ನಿಮ್ಮ ಮೊದಲ ಲೆಕ್ಕವೇ ಸರಿ, ನನ್ನ ಅನುಮಾನ ತಪ್ಪಾಯಿತು. 14,200ರಿಂದ 8,640 ಕಳೆದರೆ 5,560 ಉಳಿಯುತ್ತದೆ. ಸರದಿಯಲ್ಲಿ ಹತ್ತೇ ವಿಳಾಸಗಳಿದ್ದಿದ್ದರೆ ಅಂತರ 50 ನಿಮಿಷವಾಗಿ, ಈ ಇಡೀ ಉಬ್ಬರ ಕಾಣಿಸಿಕೊಳ್ಳುತ್ತಲೇ ಇರಲಿಲ್ಲ.

ಮಿಂಚುಳ್ಳಿ

5,560 ಮತ್ತು 3,900. ಉಳಿದ 1,660 ಎಲ್ಲಿಂದ ಬಂತು?

ಪುಟಪಾಲಕ

ಒಂದು ಭಾಗ ಗೊತ್ತಾಯಿತು. ಲೇಖನಗಳ ಮುದ್ರಣ ರೂಪಕ್ಕೆ ಪ್ರತ್ಯೇಕ ಟೆಂಪ್ಲೇಟ್ (ಪುಟದ ಅಚ್ಚು) ಇದೆ, ಅದರಲ್ಲಿ ಅನಾಲಿಟಿಕ್ಸ್‌ನ ಸ್ಕ್ರಿಪ್ಟ್ ಸೇರಿಸಿಯೇ ಇರಲಿಲ್ಲ. ಶಿಕ್ಷಕರು ತರಗತಿಗೆ ಮುದ್ರಿಸಿಕೊಳ್ಳುವುದು ಆ ಪುಟಗಳನ್ನೇ. ಹಲವರು ಹುಡುಕಾಟದಿಂದ ನೇರವಾಗಿ ಅಲ್ಲಿಗೇ ಬರುತ್ತಿದ್ದಾರೆ, ಬಾಲ ಸಮೇತ; ನಿಸ್ಸಂದೇಹವಾಗಿ ಮನುಷ್ಯರು. ನಿನ್ನೆ ಒಂದೇ ದಿನ ಭಿನ್ನರಾಶಿಗಳ ಪಾಠದ ಮುದ್ರಣ ಪುಟಕ್ಕೆ 19 ಜನ ಬಂದಿದ್ದರು. ಆ ಪಾಠ ಬರೆದವರು "ನನ್ನದನ್ನು ಯಾರೂ ಓದುವುದಿಲ್ಲ" ಎಂದು ಬರೆಯುವುದನ್ನೇ ಬಿಡುವ ಮಾತಾಡಿದ್ದರು. ಇದನ್ನು ಕಂಡಾಗ ನನಗಾದ ಸಂತೋಷವನ್ನು ಹೇಳಲಾರೆ.

ಉಳಿದದ್ದರಲ್ಲಿ ಗುರುತು ಹೇಳಿಕೊಳ್ಳದ ಬಾಟ್‌ಗಳೂ ಇವೆ, ಸ್ಕ್ರಿಪ್ಟ್ ತಡೆದ ಓದುಗರೂ ಇದ್ದಾರೆ.

ಖಾಸಗಿತನಮೊದಲು

ಆ 19 ಜನರನ್ನು ತೋರಿಸಿದ್ದು ಲಾಗ್ ಎಂಬುದನ್ನು ಎಲ್ಲರೂ ಗಮನಿಸಬೇಕು.

ಮಿಂಚುಳ್ಳಿ

ಒಪ್ಪಿದೆ. ಆ 8,640 ಸುಳ್ಳು ಭೇಟಿಗಳನ್ನು ತೋರಿಸಿದ್ದೂ ಅದೇ ಲಾಗ್ ಎಂಬುದನ್ನೂ ಗಮನಿಸೋಣ. ಎರಡನ್ನೂ ಇಟ್ಟುಕೊಳ್ಳುವುದೇ ಸರಿ. ಒಂದರ ತಪ್ಪು ಇನ್ನೊಂದರಿಂದ ತಿಳಿಯುತ್ತದೆ. ನಾನು ಮೊದಲು ಬರೆದ ಉತ್ತರ ಅವಸರದ್ದಾಗಿತ್ತು.

ಕೊಂಡಿಕೋಶ

ಹಿರಿಯರಿಗೆ ಯಾವ ಸಂಖ್ಯೆ ಹೇಳುತ್ತೀರಿ, ಪುಟಪಾಲಕರೇ? ಒಟ್ಟು ಸಂಖ್ಯೆ ಹೇಳುವುದೇ ಬೇಡ ಎಂಬುದು ನನ್ನ ಸಲಹೆ. ಪ್ರತಿ ಲೇಖನಕ್ಕೂ ತಿಂಗಳಿಗೆ ಎಷ್ಟು ಪುಟವೀಕ್ಷಣೆ, ಹಿಂದಿನ ತಿಂಗಳು ಎಷ್ಟಿತ್ತು, ಯಾವ ಪದ ಹುಡುಕಿ ಬಂದರು, ಈ ಮೂರನ್ನು ಅವರವರಿಗೆ ಕಳುಹಿಸಿ.

ಅಂಕಿಗಣಕ

ಅದರ ಜೊತೆಗೆ ಎಣಿಸಿದ ಸಾಧನದ ಹೆಸರನ್ನೂ ಬರೆಯಿರಿ, ಮುಂದಿನ ತಿಂಗಳೂ ಅದರಿಂದಲೇ ಎಣಿಸಿ. 3,900 ಎಂಬುದು ಕಡಿಮೆ ಇರಬಹುದು; ಆದರೆ ಅದೇ ಕೋಲಿನಿಂದ ಅಳೆದಾಗ ಮುಂದಿನ ತಿಂಗಳು 4,500 ಬಂದರೆ ಓದುಗರು ಹೆಚ್ಚಿದ್ದಾರೆ ಎನ್ನಬಹುದು. ಮುದ್ರಣ ಟೆಂಪ್ಲೇಟ್‌ಗೆ ಸ್ಕ್ರಿಪ್ಟ್ ಸೇರಿಸಿದ ದಿನಾಂಕವನ್ನು ಮರೆಯದೆ ಗುರುತು ಹಾಕಿಕೊಳ್ಳಿ. ಇಲ್ಲದಿದ್ದರೆ ಆರು ತಿಂಗಳ ನಂತರ ಆ ಏರಿಕೆಯನ್ನು ನೋಡಿ, ಓದುಗರೇ ಹೆಚ್ಚಿದರು ಎಂದುಕೊಳ್ಳುತ್ತೀರಿ.

ಪುಟಪಾಲಕ

ಹಾಗೆಯೇ ಮಾಡುತ್ತೇನೆ. ಕೊನೆಯ ಪ್ರಶ್ನೆ: ಆ ಹದಿನೈದು ವಿಳಾಸಗಳನ್ನು ಎಡಬ್ಲ್ಯೂಸ್ಟಾಟ್ಸ್‌ನಿಂದ ಹೊರಗಿಡುವುದು ಹೇಗೆ? ಕಳೆದ ತಿಂಗಳ ಲೆಕ್ಕವೂ ಸರಿಯಾಗುತ್ತದೆಯೇ?

ದಾಖಲೆಓದುಗ

ಅದರ ಸಂರಚನಾ ಕಡತದಲ್ಲಿ ಸ್ಕಿಪ್‌ಹೋಸ್ಟ್ಸ್ ಎಂಬ ಸಾಲಿದೆ, ಅಲ್ಲಿ ಹದಿನೈದು ವಿಳಾಸಗಳನ್ನೂ ಬರೆಯಿರಿ. ಆದರೆ ಅದು ಇನ್ನು ಮುಂದೆ ಓದುವ ಸಾಲುಗಳಿಗೆ ಮಾತ್ರ ಅನ್ವಯಿಸುತ್ತದೆ. ಹಿಂದಿನದು ಸರಿಯಾಗಬೇಕಾದರೆ ಆ ತಿಂಗಳಿನಿಂದ ಈಚೆಗೆ ಅದು ಮಾಡಿಟ್ಟ ಲೆಕ್ಕದ ಕಡತಗಳನ್ನು ಬೇರೆಡೆ ಸರಿಸಿ, ಹಳೆಯ ಲಾಗ್‌ಗಳನ್ನು ದಿನಾಂಕದ ಕ್ರಮದಲ್ಲಿ ಮತ್ತೊಮ್ಮೆ ಓದಿಸಬೇಕು. ಹಳೆಯ ಲಾಗ್‌ಗಳು ಇನ್ನೂ ಇವೆಯೇ? ಹಲವು ಹೋಸ್ಟಿಂಗ್‌ಗಳಲ್ಲಿ ಕೆಲವು ದಿನಗಳ ನಂತರ ಅವು ತಾವಾಗಿಯೇ ಅಳಿಸಿಹೋಗುತ್ತವೆ.

ಪುಟಪಾಲಕ

ಈಗಷ್ಟೇ ನೋಡಿದೆ. ಏಳು ದಿನದ್ದು ಮಾತ್ರ ಇದೆ. ಅಷ್ಟನ್ನು ಇಳಿಸಿಕೊಂಡಿದ್ದೇನೆ, ಇನ್ನು ಪ್ರತಿ ರಾತ್ರಿ ಐಪಿಯ ಕೊನೆಯ ಭಾಗವನ್ನು ಅಳಿಸಿ ಒಂದು ಪ್ರತಿ ತೆಗೆದಿಡುವ ಏರ್ಪಾಡು ಮಾಡುತ್ತಿದ್ದೇನೆ. ಕಳೆದ ತಿಂಗಳ ಸಾಲಿನ ಪಕ್ಕದಲ್ಲಿ "ಇದರಲ್ಲಿ 8,640 ಕಾವಲು ಸೇವೆಯದ್ದು" ಎಂದು ಬರೆದಿಟ್ಟೆ.